ಎರಡೂ ಕಡೆ ಹಸಿರು

ಬೀಳ್ಕೊಡುಗೆ ಭಾಷಣ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ವರ್ಷಗಟ್ಟಲೆ ಜೊತೆಗೆ ಕೂತು ಚಹಾ ಕುಡಿದವರು, ಜಗಳವಾಡಿದವರು, ಬೆನ್ನ ಹಿಂದೆ ಬೈದವರು, ಮೈಕು ಕೈಗೆ ಸಿಕ್ಕ ಕೂಡಲೇ ಎದುರಿಗೆ ಕೂತ ಜೀವಂತ ಮನುಷ್ಯರನ್ನು ಹಾರ ಹಾಕಿದ ಫೋಟೋ ಮಾಡಿಬಿಡುತ್ತಾರೆ. ಹೋದ ತಿಂಗಳು ಬಾಗಲಕೋಟೆಯ ನಮ್ಮ ಟೆಲಿಫೋನ್ ಕಚೇರಿಯಲ್ಲಿ ನಮ್ಮ ಮೇಡಮ್ಮನವರಿಗೂ ಅದೇ ಗತಿಯಾಯಿತು. ಒಬ್ಬರು ಅವರನ್ನು ಶಾಂತಮೂರ್ತಿ ಎಂದರು. ಶಾಂತಮೂರ್ತಿಯಂತೆ! ಆ ಹೆಣ್ಣುಮಗಳು ಸಿಟ್ಟಿಗೆದ್ದರೆ ನವನಗರದಲ್ಲಿ ಕೂಗಿದ್ದು ಹಳೇ ಊರಿಗೆ ಕೇಳಿಸುತ್ತಿತ್ತು. ಇನ್ನೊಬ್ಬರು ಮಿತಭಾಷಿ ಎಂದರು. ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಕೊನೆಗೆ, ಹೊಸದಾಗಿ ವರ್ಗವಾಗಿ ಬಂದ ಸಾಹೇಬರು ಎದ್ದು, ಕೈಯಲ್ಲಿದ್ದ ಸನ್ಮಾನಪತ್ರ ಹಿಡಿದು, "ಇಡೀ ಸೇವಾವಧಿಯಲ್ಲಿ ಒಂದೇ ಒಂದು ತಪ್ಪನ್ನೂ ಮಾಡದ..." ಎಂದು ಓದತೊಡಗಿದರು. ಅದಕ್ಕೆ ಮೇಡಂ ಏನು ಮಾಡಿದರು ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಮೊದಲು ಅವರು ಯಾರು ಅಂತ ಹೇಳಬೇಕು. ಆ ಸಭೆಯಲ್ಲಿ ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದರು.

ಗುಳೇದಗುಡ್ಡದ ನೇಕಾರರ ಮನೆಯ ಮಗಳು. ಗಿಡ್ಡ ಆಳು, ದಪ್ಪ ಕನ್ನಡಕ. ಎರಡೂ ಕೈತುಂಬ ಹಸಿರು ಗಾಜಿನ ಬಳೆ. ಯಂತ್ರದ ಮುಂದೆ ನಿಂತರೆಂದರೆ ಮೊದಲ ಕೆಲಸ ಆ ಬಳೆಗಳನ್ನೆಲ್ಲ ಮೊಣಕೈವರೆಗೆ ಸರಿಸಿ ಒಂದು ರಬ್ಬರ್ ಬ್ಯಾಂಡ್ ಹಾಕುವುದು. ಹಾಗೆ ಬಳೆ ಮೇಲೆ ಏರಿತೆಂದರೆ ಅವತ್ತು ಯಂತ್ರದ ಕಥೆ ಮುಗಿಯಿತು ಅಂತ ನಾವು ಲೆಕ್ಕ ಹಾಕುತ್ತಿದ್ದೆವು. ಎಂಜಿನಿಯರಿಂಗ್ ಓದಿ, ಪರೀಕ್ಷೆ ಪಾಸು ಮಾಡಿ ಬಂದವರು. ಆದರೆ ಮಗ್ಗದ ಮನೆಯಲ್ಲಿ ಬೆಳೆದವರಲ್ಲವೆ, ಕಿವಿ ಮಾತ್ರ ಅಲ್ಲಿಯದೇ. "ನಮ್ಮಪ್ಪ ಅಡಗಿ ಮನ್ಯಾಗ ಉಣ್ಣಕೋತ ಕೂತಿದ್ರೂ ಪಡಸಾಲ್ಯಾಗ ಎಳಿ ಹರದದ್ದು ಗೊತ್ತಾಗ್ತಿತ್ತು ಅಂವಗ," ಎನ್ನುತ್ತಿದ್ದರು. "ಸಪ್ಪಳ ಬದಲಾಗ್ತೈತಿ ನೋಡು, ಅದಾ ಸಾಕು."

ನಮ್ಮದು ಮಲ್ಟಿಪ್ಲೆಕ್ಸರ್ ಎಂಬ ಯಂತ್ರದ ಕೆಲಸ. ಉದ್ದ ಹೆಸರು ಅಂತ ಮಕ್ಸ್ ಎನ್ನುತ್ತೇವೆ. ತಲೆ ಕೆಡಿಸಿಕೊಳ್ಳಬೇಡಿ, ಬಸ್ಸಿನ ಹಾಗೆ ಅಂದುಕೊಳ್ಳಿ. ಇಳಕಲ್ಲಿನ ಸೀರೆ ಅಂಗಡಿಯವರ ಮಾತು, ಬ್ಯಾಂಕಿನವರ ಲೆಕ್ಕ, ದವಾಖಾನೆಯವರ ಸುದ್ದಿ, ಎಲ್ಲವನ್ನೂ ಒಂದೇ ದಾರಿಯಲ್ಲಿ ಕೂಡಿಸಿ, ಒಬ್ಬೊಬ್ಬರಿಗೆ ಒಂದೊಂದು ಸೀಟು ಕೊಟ್ಟು, ಹುನಗುಂದದ ಮೇಲಿಂದ ಬಾಗಲಕೋಟೆಗೆ ಕಳಿಸುವುದು. ಅಲ್ಲಿ ಅವರವರ ಮಾತನ್ನು ಅವರವರಿಗೆ ಇಳಿಸಿ ಕೊಡುವುದು. ಒಂದು ಸೀಟು ಆಚೀಚೆ ಆದರೂ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ. ಇನ್ನೊಂದು ದಾರಿ ಬಾಗಲಕೋಟೆಯಿಂದ ಗುಳೇದಗುಡ್ಡದ ಮೇಲೆ ಬದಾಮಿಗೆ. ಈ ಎಲ್ಲ ಸ್ಟೇಷನ್ನುಗಳ ನಡುವೆ ನಮಗೆ ನಮ್ಮದೇ ಒಂದು ಸರ್ವೀಸ್ ಫೋನ್ ಇತ್ತು. ಒಂದು ಊರಲ್ಲಿ ಮಾತಾಡಿದರೆ ಎಲ್ಲ ಊರಲ್ಲೂ ಕೇಳುತ್ತದೆ. ಗುಟ್ಟು ಎಂಬುದೇ ಇಲ್ಲ.

ನಾನು ಇಳಕಲ್ಲಿನ ಸ್ಟೇಷನ್ನಿನಲ್ಲಿದ್ದೆ. ಹಾಗಾಗಿ ಎಷ್ಟೋ ದಿನ ಅವರು ನನಗೆ ಬರೀ ದನಿ. ಅದೆಂಥ ದನಿ! ದಿನಾ ಸಂಜೆ ಕೆಲಸ ಬಿಡುವ ಹೊತ್ತಿಗೆ ಸರ್ವೀಸ್ ಫೋನಿನಲ್ಲಿ ಅವರದೊಂದು ಹಾಜರಿ ಇರುತ್ತಿತ್ತು. "ಎಲ್ಲಾರೂ ಲೂಪ್ ತಗದೀರೇನು?" ಎಂದು ಕೇಳುವರು. (ಲೂಪ್ ಏನೆಂದು ಮುಂದೆ ಹೇಳುತ್ತೇನೆ.) ಬದಾಮಿಯವ "ತಗದೇನ್ರಿ" ಎನ್ನಬೇಕು, ನಾನು "ತಗದೇನ್ರಿ" ಎನ್ನಬೇಕು. "ಹಂಗಾರ ಮನಿಗೆ ಹೋಗ್ರಿ." ಅಷ್ಟಾದ ಮೇಲೆಯೇ ನಾವು ಚಪ್ಪಲಿ ಮೆಟ್ಟುತ್ತಿದ್ದದ್ದು.

ಅವರ ಎಲ್ಲ ವಿದ್ಯೆಗೂ ಒಂದೇ ಬಾಗಿಲು: ಅರ್ಧ ಮಾಡು. ಇಳಕಲ್ಲಿಗೆ ಲೈನ್ ಕೆಟ್ಟಿದೆಯೆ? ನಾವಾದರೆ ಯಂತ್ರದಲ್ಲಿ ಕೈಗೆ ಸಿಕ್ಕ ಸರ್ಕ್ಯೂಟ್ ಕಾರ್ಡು ಕಿತ್ತು ಇನ್ನೊಂದು ಹಾಕಿ ನೋಡುವವರು. ಅವರು ಕೈ ಮುಟ್ಟಲು ಬಿಡುತ್ತಿರಲಿಲ್ಲ. "ಏ, ಕೈ ತಗಿ! ಮೊದಲ ಅರ್ಧ ಮಾಡು. ಹುನಗುಂದದ ಈ ಕಡೆ ಕೆಟ್ಟೈತೋ, ಆ ಕಡೆ ಕೆಟ್ಟೈತೋ?" ಅದು ಗೊತ್ತಾದ ಮೇಲೆ ಉಳಿದ ಅರ್ಧವನ್ನು ಮತ್ತೆ ಅರ್ಧ. ಹೀಗೆ ಕತ್ತರಿಸುತ್ತ ಹೋದರೆ ಕೊನೆಗೆ ತಪ್ಪಿಗೆ ಅಡಗಲು ಜಾಗವೇ ಉಳಿಯುವುದಿಲ್ಲ. ಈ ಹುಚ್ಚು ಕಚೇರಿಗಷ್ಟೇ ಇರಲಿಲ್ಲ. ನಮ್ಮ ಗುಮಾಸ್ತನಿಗೊಮ್ಮೆ ಹೊಟ್ಟೆನೋವು ಬಂದಾಗ, "ಹೊಕ್ಕಳದ ಮ್ಯಾಲಿನ ಅರ್ಧನೋ ಕೆಳಗಿನ ಅರ್ಧನೋ, ಅಷ್ಟು ಹೇಳು, ಆಮ್ಯಾಲೆ ದವಾಖಾನಿಗೆ ಹೋಗು," ಎಂದು ಬಾಗಿಲಿಗೆ ಅಡ್ಡ ನಿಂತಿದ್ದರು. ಇಳಕಲ್ ಬಸ್‌ಸ್ಟ್ಯಾಂಡಿನಲ್ಲಿ ಕೆಟ್ಟು ನಿಂತ ಬಸ್ಸಿನ ಡ್ರೈವರನಿಗೂ ಇದೇ ಪಾಠ ಮಾಡಲು ಹೋಗಿ, ಅವನು ಕೈ ಮುಗಿದು "ಅಕ್ಕಾರ, ಒಳಗ ಕೂಡ್ರಿ," ಎಂದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ತಪ್ಪು ಸಿಕ್ಕ ಗಳಿಗೆಯಲ್ಲಿ ಅವರನ್ನು ನೋಡಬೇಕಿತ್ತು. "ಸಿಕ್ತು!" ಎಂದು ಕಿರುಚುತ್ತಿದ್ದರು. ಮಾತಲ್ಲ ಅದು, ಕಿರುಚುವುದೇ. ಸರ್ವೀಸ್ ಫೋನ್ ಪಕ್ಕದಲ್ಲಿದ್ದರಂತೂ ನಾಲ್ಕೂ ಊರಿನ ನಾವು ಕಿವಿ ಮುಚ್ಚಿಕೊಳ್ಳಬೇಕು. ಆ ದನಿಯಲ್ಲಿ ಎಂಥ ಖುಷಿ ಇರುತ್ತಿತ್ತೆಂದರೆ, ಕೆಟ್ಟದ್ದು ಯಂತ್ರವೋ ಇವರಿಗೆ ಲಾಟರಿ ಹೊಡೆಯಿತೋ ಎಂದು ಹೊಸಬರು ಗಾಬರಿಯಾಗುತ್ತಿದ್ದರು.

ಬದಾಮಿಯದೊಂದು ಹೇಳಲೇಬೇಕು. ಅಲ್ಲಿಯ ಲೈನು ಬೆಳಿಗ್ಗೆಯೆಲ್ಲ ಚೊಕ್ಕ. ಮಧ್ಯಾಹ್ನ ಇಳಿಮುಖವಾದರೆ ಗರಗರ, ತಪ್ಪಿನ ಮೇಲೆ ತಪ್ಪು. ಸಂಜೆಗೆ ಮತ್ತೆ ತಾನೇ ಸರಿ. ಬದಲಾಯಿಸಬಹುದಾದದ್ದನ್ನೆಲ್ಲ ಬದಲಾಯಿಸಿ ಸುಸ್ತಾಗಿ ನಾವು ಅವರನ್ನು ಕರೆಸಿದೆವು. ಅವತ್ತು ನಾನೂ ಅಲ್ಲಿದ್ದೆ. ಬಂದರು, ಬಳೆ ಮೇಲೇರಿಸಿದರು, ಗುಳೇದಗುಡ್ಡದವರೆಗೆ ಅಳೆದರು, ಚೊಕ್ಕ, ಬದಾಮಿಯೊಳಗೇ ತಪ್ಪು. ಆಮೇಲೆ ಒಂದು ಸ್ಟೂಲು ಹಾಕಿಕೊಂಡು, ತಪ್ಪು ಎಣಿಸುವ ಟೆಸ್ಟರನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತುಬಿಟ್ಟರು. ಊಟಕ್ಕೂ ಏಳಲಿಲ್ಲ. ಹೊತ್ತು ಇಳಿಯಿತು. ಟೆಸ್ಟರು ತಪ್ಪು ಎಣಿಸತೊಡಗಿತು. ಮೇಡಂ ಕುತ್ತಿಗೆ ಉಜ್ಜಿಕೊಂಡರು, ಹಿಂದೆ ತಿರುಗಿ ನೋಡಿದರು. ಪಡುವಣ ಕಿಟಕಿಯ ಒಂದು ಗಾಜು ಒಡೆದು ಹೋಗಿತ್ತು; ಅಲ್ಲಿಂದ ಬಿಸಿಲು ನೇರ ಅವರ ಕುತ್ತಿಗೆಯ ಮೇಲೆ, ಅದರಾಚೆ ಯಂತ್ರದ ಮೂರನೇ ಕಾರ್ಡಿನ ಮೇಲೆ.

"ಒಂದು ರಟ್ಟು ಕೊಡ್ರಿ!" ಎಂದರು. ರಟ್ಟು ಕೊಟ್ಟೆವು. ಆ ಕಾರ್ಡಿಗೆ ಗಾಳಿ ಬೀಸತೊಡಗಿದರು, ಬಿಸಿಲಲ್ಲಿ ಬಂದ ಬೀಗರಿಗೆ ಬೀಸುವ ಹಾಗೆ. ತಪ್ಪು ನಿಂತಿತು. ಬೀಸುವುದನ್ನು ಬಿಟ್ಟರು. ತಪ್ಪು ಶುರುವಾಯಿತು. ಮತ್ತೆ ಬೀಸಿದರು, ಮತ್ತೆ ನಿಂತಿತು. "ಸಿಕ್ತು! ಸಿಕ್ತೋ ತಮ್ಮಾ! ಗಾಜು ಒಡದದ್ದು ಮಂಗ್ಯಾ, ಕಾಸಿದ್ದು ಸೂರ್ಯಾ, ಬೈಸಿಕೊಂಡಿದ್ದು ಬದಾಮಿ ಮಂದಿ!" ಮಂಗನ ಕಡೆಯಿಂದ ದಂಡ ವಸೂಲಿ ಮಾಡಲಾಗದ್ದಕ್ಕೆ ಅವತ್ತು ಅವರಿಗೆ ಸ್ವಲ್ಪ ಬೇಸರವೇ ಆಯಿತು.

ದಂಡ ಅಂದೆನಲ್ಲ, ಅದರ ಕಥೆಗೆ ಬರುತ್ತೇನೆ. ಅದಕ್ಕೆ ಮೊದಲು ಲೂಪ್ ಎಂದರೇನೆಂದು ಹೇಳಬೇಕು. ಅರ್ಧ ಮಾಡುವ ಉಪಾಯವೇ ಅದು. ಹುನಗುಂದದಲ್ಲಿ, ಮುಂದೆ ಇಳಕಲ್ಲಿಗೆ ಹೋಗಬೇಕಾದ ಸಿಗ್ನಲನ್ನು ಒಂದು ಗೇಣುದ್ದದ ವೈರಿನಿಂದ ತಿರುಗಿಸಿ ಬಂದ ದಾರಿಗೇ ವಾಪಸು ಕಳಿಸುವುದು. ಬಾಗಲಕೋಟೆಯಿಂದ ಹೊರಟದ್ದು ಹುನಗುಂದ ಮುಟ್ಟಿ ಚೊಕ್ಕವಾಗಿ ಬಾಗಲಕೋಟೆಗೇ ಬಂದರೆ, ಅಲ್ಲಿಯವರೆಗೆ ದಾರಿ ಸರಿ ಇದೆ ಎಂದು ಅರ್ಥ. ಇಳಕಲ್ಲಿನ ಕಡೆಯಿಂದಲೂ ಹಾಗೆಯೇ ಒಂದು ಲೂಪ್ ಹಾಕಿ ನೋಡಬಹುದು. ನೋಡಿದ ಮೇಲೆ ವೈರು ತೆಗೆಯಬೇಕು. ತೆಗೆಯುವುದನ್ನು ಮರೆತರೆ? ಅದೇ ಮಜಾ. ತಾನು ಕಳಿಸಿದ್ದೇ ತನಗೆ ತಿರುಗಿ ಬರುತ್ತಿದೆ ಅಂತ ಯಂತ್ರಕ್ಕೆ ತಿಳಿಯುವುದಿಲ್ಲ. ಏನೋ ಬರುತ್ತಿದೆಯಲ್ಲ, ಅಷ್ಟು ಸಾಕು ಅದಕ್ಕೆ. ಹಸಿರು ದೀಪ ಹಚ್ಚಿಕೊಂಡು ಸುಖವಾಗಿ ಕೂತಿರುತ್ತದೆ. ಇತ್ತ ಊರಿಗೆ ಊರೇ ಮೂಕ. ಹೊರಗಿನವರು ಯಾರೂ ಮಾಡಲಾರದ, ನಮ್ಮಂಥವರು ಮಾತ್ರ ಮಾಡಬಲ್ಲ ತಪ್ಪು ಅದು.

ಅದಕ್ಕೆ ಮೇಡಂ ಒಂದು ಪದ್ಧತಿ ತಂದರು. ಗುಳೇದಗುಡ್ಡದ ಮನೆಯಿಂದ, ಅಲ್ಲಿ ನೇಯುವ ರವಿಕೆ ಬಟ್ಟೆ ಖಣದ ಅಂಚಿನ ತುಂಡುಗಳನ್ನು ತಂದು, ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ ಪ್ರತಿ ಸ್ಟೇಷನ್ನಿಗೂ ಒಂದು ಡಬ್ಬಿ ತುಂಬ ಕೊಟ್ಟರು. ಲೂಪ್ ಹಾಕುವವರು ಒಂದು ಪಟ್ಟಿಯನ್ನು ಎರಡು ಮಾಡಬೇಕು. ಒಂದು ತುಂಡು ಲೂಪಿನ ವೈರಿಗೆ, ಇನ್ನೊಂದು ತಮ್ಮ ಮಣಿಕಟ್ಟಿಗೆ. ಲೂಪ್ ತೆಗೆದ ಮೇಲೆಯೇ ಮಣಿಕಟ್ಟಿನದನ್ನು ಬಿಚ್ಚಿ, ಎರಡನ್ನೂ ಜೋಡಿಸಿ ಡಬ್ಬಿಗೆ ಹಾಕುವುದು. "ಕೈಯಾಗ ಖಣ ಇರೂತನಕ ಹೊಸ್ತಿಲಾ ದಾಟೂ ಹಂಗಿಲ್ಲ!" ನಮ್ಮ ಕೈಯಲ್ಲಿ ಆ ಕೆಂಪು ಪಟ್ಟಿ ನೋಡಿ, ಚಹಾದಂಗಡಿಯವನು "ಏನ್ ಹರಕೀರಿ ಇದು?" ಎಂದು ಭಕ್ತಿಯಿಂದ ಕೇಳಿದ್ದೂ ಉಂಟು. ಇಷ್ಟಾದ ಮೇಲೂ ಮರೆತವರ ಹೆಸರನ್ನು ಸರ್ವೀಸ್ ಫೋನಿನಲ್ಲಿ ಎಲ್ಲ ಊರಿಗೂ ಸಾರುವುದು, ಅವರಿಂದ ಎಲ್ಲರಿಗೂ ಮಂಡಕ್ಕಿಯ ಗಿರ್ಮಿಟ್, ಮಿರ್ಚಿ ಬಜ್ಜಿ ಕೊಡಿಸುವುದು. ಅದೇ ದಂಡ. ತಿನ್ನುವಾಗ ಮೇಡಮ್ಮನವರೇ ಎಲ್ಲರಿಗಿಂತ ಮುಂದೆ.

ಇನ್ನು ಹುನಗುಂದದ ಈರಪ್ಪ. ಆ ಸ್ಟೇಷನ್ನಿನಲ್ಲಿ ಬೇರೆ ಯಾರೂ ಇಲ್ಲ, ಅವನೊಬ್ಬನೇ. ಕೀಲಿಕೈ ಅವನ ಬಳಿ. ಬ್ಯಾಟರಿಗೆ ನೀರು, ಜನರೇಟರಿಗೆ ಎಣ್ಣೆ ಹಾಕುವವನು ಅವನು. ಕರೆಂಟು ಹೋದರೆ ಓಡಿ ಜನರೇಟರ್ ಚಾಲೂ ಮಾಡುವವನೂ ಅವನೇ. ಗುತ್ತಿಗೆಯ ಮೇಲೆ ಇದ್ದವನು, ಬೇಡವೆಂದರೆ ಮಾರನೆಯ ದಿನ ಮನೆಗೆ. ಮೇಡಮ್ಮನವರನ್ನು ಕಂಡರೆ ಅವನಿಗೆ ಭಾರಿ ಪ್ರೀತಿ. ಅವನ ಮಗಳು ಮೊದಲ ಬಸುರಿಯಾಗಿದ್ದಾಗ ಮಾಡಿದ ಕುಬಸದ ದಿನ, ಮೇಡಂ ಹುನಗುಂದದಲ್ಲೇ ಕೆಲಸದಲ್ಲಿದ್ದರೆಂದು ಹೋಳಿಗೆ ತುಪ್ಪದ ಊಟವನ್ನು ಮನೆಯಿಂದ ಸ್ಟೇಷನ್ನಿಗೇ ಹೊತ್ತು ತಂದಿದ್ದ.

ಅದಾಗಿ ಕೆಲವು ದಿನಗಳಲ್ಲಿ ಇಳಕಲ್ಲಿನ ಲೈನು ಸಾಯತೊಡಗಿತು. ಹುನಗುಂದದಲ್ಲಿ ಕರೆಂಟು ಹೋದಾಗಲೆಲ್ಲ ಇಡೀ ಇಳಕಲ್ಲು ಮೂಕ. ಸ್ವಲ್ಪ ಹೊತ್ತಿಗೆ ತಾನೇ ಜೀವ ಬರುತ್ತಿತ್ತು. ಬ್ಯಾಂಕಿನವರು ಬೈಯುವವರು, ದವಾಖಾನೆಯವರು ಬೈಯುವವರು, ಕೇಳುವ ಕಿವಿ ನನ್ನದು. ಹುನಗುಂದದ ಮೇನ್ ಕಾರ್ಡು ಹಳೆಯದು, ಕರೆಂಟು ಬದಲಾದರೆ ಅದು ತೂಕಡಿಸುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಅಲ್ಲವೆ ಪಕ್ಕದಲ್ಲಿ ಸ್ಟ್ಯಾಂಡ್‌ಬೈ ಯಂತ್ರ ಇಟ್ಟಿರುವುದು? ಮೇನ್ ತೂಕಡಿಸಿದರೆ ಸ್ಟ್ಯಾಂಡ್‌ಬೈ ಎತ್ತಿಕೊಳ್ಳಬೇಕು. ಸ್ಟ್ಯಾಂಡ್‌ಬೈ ನೋಡಿದರೆ ಬಾಗಲಕೋಟೆಯಲ್ಲೂ ಹಸಿರು, ಇಳಕಲ್ಲಿನಲ್ಲೂ ಹಸಿರು. ಯಂತ್ರ ಸರಿ ಇದೆ. ಮೇನೂ ಸ್ಟ್ಯಾಂಡ್‌ಬೈಯೂ ಒಟ್ಟಿಗೆ ಸಾಯಬೇಕೆಂದರೆ ಇಡೀ ಸ್ಟೇಷನ್ನಿನ ಕರೆಂಟೇ ಹೋಗಿರಬೇಕು. ಹಾಗಾದರೆ ಬ್ಯಾಟರಿ ನೋಡಿಲ್ಲ, ಜನರೇಟರ್ ಹಚ್ಚಿಲ್ಲ, ಈರಪ್ಪ ಮಲಗಿದ್ದಾನೆ! ಆಗಿನ ಸಾಹೇಬರ ಈ ಲೆಕ್ಕದಲ್ಲಿ ಎಲ್ಲೂ ತಪ್ಪು ಕಾಣುತ್ತಿರಲಿಲ್ಲ.

ಈರಪ್ಪ ಸರ್ವೀಸ್ ಫೋನಿನಲ್ಲಿ ಅಳುದನಿಯಲ್ಲಿ ಹೇಳಿದ್ದು ನನಗಿನ್ನೂ ಕಿವಿಯಲ್ಲಿದೆ. "ಮೇಡಂ, ದೇವರಾಣಿ ಮಲಗಿಲ್ರಿ. ಕರೆಂಟ್ ಹೋದ್ ಕೂಡ್ಲೆ ಓಡಿ ಹಚ್ಚೇನ್ರಿ. ಮಗಳು ಬಾಣಂತನಕ್ಕ ಮನಿಗೆ ಬಂದಾಳ್ರಿ, ಈಗ ಕೆಲಸಾ ಹೋದ್ರ ನಾ ಏನ್ ಮಾಡ್ಲಿ?"

ಮೇಡಂ ಸಾಹೇಬರ ಕೋಣೆಗೆ ನುಗ್ಗಿ ಜಗಳ ತೆಗೆದರಂತೆ. "ಅಳದು ನೋಡದ, ಮನಷ್ಯಾನ ಮ್ಯಾಲೆ ತಪ್ಪು ಹಾಕಬ್ಯಾಡ್ರಿ ಸರ್. ಯಂತ್ರ ಹೆಸರು ಹೇಳಲಿ, ಆಮ್ಯಾಲೆ ತಗೀರಿ." ಸಾಹೇಬರು, "ಎರಡೂ ಕಡೆ ಹಸಿರು ಇದೆಯಲ್ಲ ಮೇಡಂ, ಯಂತ್ರ ಇನ್ನೇನು ಹೇಳಬೇಕು?" ಎಂದರು. ಇನ್ನೊಮ್ಮೆ ಲೈನು ಹೋಯಿತು. ಸೋಮವಾರ ತಾವೇ ಹುನಗುಂದಕ್ಕೆ ಹೋಗಿ ಅವನ ಕೈಯಿಂದ ಕೀಲಿ ಇಸಿದುಕೊಳ್ಳುವುದಾಗಿ ಸಾಹೇಬರು ಹೇಳಿಬಿಟ್ಟರು.

ಸೋಮವಾರ ಬೆಳಿಗ್ಗೆ ನಮ್ಮ ಸ್ಟೇಷನ್ನಿಗೆ ಒಬ್ಬ ಸೀರೆ ವ್ಯಾಪಾರಿ ಬಂದರು. ಮುಖ ಕೆಂಪಗೆ.

"ಏನ್ ಫೋನ್ರಿ ನಿಮ್ದು! ಬಾಗಲಕೋಟ್ಯಾಗ ನಮ್ಮ ಬೀಗರ ಜೋಡಿ ಮಾತಾಡಾಕತ್ತಿದ್ನಿ, ನಡುವ ಬೀಗರು ಗಾಯಬ್. ಹಲೋ ಅಂದ್ರ ನನ್ನ ಹಲೋನ ನನಗ ಬರ್ತೈತಿ. ಯಾರ್ರಿ ನೀವು ಅಂದ್ರ, ಯಾರ್ರಿ ನೀವು ಅಂತೈತಿ. ನಾ ನನ್ನ ಜೋಡಿನಾ ಜಗಳಾ ಮಾಡಿದಂಗ ಆತಲ್ರಿ!"

ನನಗೆ ನಗು ತಡೆಯಲಾಗಲಿಲ್ಲ. ಅವರನ್ನು ಹೇಗೋ ಸಮಾಧಾನ ಮಾಡಿ ಕೂರಿಸಿ, ಸರ್ವೀಸ್ ಫೋನಿನಲ್ಲಿ ಮೇಡಮ್ಮನವರಿಗೆ ಇದನ್ನು ತಮಾಷೆಗೆ ಹೇಳಿದೆ. ಅವರು ನಗಲಿಲ್ಲ.

"ತಮ್ಮಾ, ಇನ್ನೊಮ್ಮೆ ಹೇಳು. ಅವರಿಗೆ ಕೇಳಿಸಿದ್ದು ಅವರದಾ ದನಿನಾ?"

"ಹೌದ್ರಿ."

"ಆ ಕಡೆ ಬೀಗರಿಗೆ? ಕೇಳು, ಅಲ್ಲೇ ಅದಾರಲ್ಲ, ಕೇಳು!"

ಕೇಳಿದೆ. ಬೀಗರಿಗೂ ಬೀಗರದೇ ದನಿ ಕೇಳಿಸಿತ್ತಂತೆ. ಆಮೇಲೆ ಮೊಬೈಲಿನಲ್ಲಿ ಮಾತಾಡಿದಾಗ ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡಿದ್ದರು, ನೀವೇ ಅಣಕಿಸಿದಿರಿ ಎಂದು.

"ಲೂಪ್!" ಮೇಡಂ ಕೂಗಿದರು. "ಲೂಪೋ ತಮ್ಮಾ! ಎರಡೂ ಕಡಿಗೂ ಲೂಪ್ ಹಾಕ್ಯಾರ ಯಾರೋ, ಹುನಗುಂದದ ಸ್ಟ್ಯಾಂಡ್‌ಬೈ ಮ್ಯಾಲೆ! ಅದಕ್ಕಾ ಎರಡೂ ಕಡೆ ಹಸಿರು! ಯಾಂವ ಅಂವಾ? ಸಿಗ್ಲಿ, ಬದಾಮಿತನಕ ಗಿರ್ಮಿಟ್ ತಿನಸ್ತೇನಿ ಅವನ ಕೈಲೆ! ನೀ ಹುನಗುಂದಕ್ಕ ಬಾ, ನಾ ಸಾಹೇಬರ ಜೀಪಿನಾಗ ಹೊಂಟೆ!"

ನನಗೂ ರೋಮಾಂಚನ! ಜೊತೆಗಾರನನ್ನು ಯಂತ್ರದ ಮುಂದೆ ಕೂರಿಸಿ, ಸಿಕ್ಕ ಬಸ್ಸು ಹತ್ತಿದೆ. ಗ್ರಾನೈಟ್ ಲಾರಿಗಳ ಹಿಂದೆ ನಿಧಾನ ತೆವಳುತ್ತಿದ್ದ ಆ ಬಸ್ಸನ್ನು ಇಳಿದು ತಳ್ಳಿಬಿಡೋಣ ಅನಿಸುತ್ತಿತ್ತು. ನಾನು ಮುಟ್ಟುವುದಕ್ಕೂ ಜೀಪು ಬಂದು ನಿಲ್ಲುವುದಕ್ಕೂ ಸರಿಹೋಯಿತು. ಸಾಹೇಬರು ಇಳಿದರು. ಮೇಡಂ ಆಗಲೇ ಬಳೆ ಮೇಲೇರಿಸಿಕೊಂಡು ಓಡುತ್ತಿದ್ದರು. ಬಾಗಿಲಲ್ಲಿ ಈರಪ್ಪ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೊನೆಯ ಸಲವೆಂಬಂತೆ ಕೀಲಿಕೈ ಹಿಡಿದು ನಿಂತಿದ್ದ.

ಮೇಡಂ ಅವನನ್ನು ದಾಟಿ ಒಳಗೆ ಹೋಗಬೇಕಿತ್ತು. ಹೋಗಲಿಲ್ಲ. ಕೀಲಿಕೈಯನ್ನು ನೋಡುತ್ತ ನಿಂತರು. ಅದಕ್ಕೆ ಎರಡು ಖಣದ ತುಂಡು ಗಂಟು ಹಾಕಿ ಕಟ್ಟಿತ್ತು.

"ಈರಪ್ಪಾ, ಇವು ಎಲ್ಲಿಂದ ಬಂದೂ?"

"ನಿಮ್ಮವಾರಿ ಮೇಡಂ. ಕುಬಸದ ದಿನಾ ಊಟಕ್ಕ ಕೂಡುವಾಗ ತುಪ್ಪ ಹತ್ತೀತಂತ ಕೈಯಾಗಿನವು ಬಿಚ್ಚಿ ಕಿಟಕಿಗೆ ಹಾಕಿದ್ರಿ. ಅಷ್ಟರಾಗ ಬದಾಮಿಯಿಂದ ಫೋನ್ ಬಂತು, ಕೈ ತೊಳಕೊಂಡು ಹಂಗಾ ಓಡಿದ್ರಿ. ಚಲೋ ಖಣ ಐತಿ, ಒಗೀಬಾರದಂತ ನಾನಾ ಕೀಲಿಗೆ ಕಟ್ಟಿನ್ರಿ. ತಪ್ಪಾತೇನ್ರಿ?"

ಮೇಡಂ ಒಳಗೆ ಓಡಿದರು. ಸ್ಟ್ಯಾಂಡ್‌ಬೈ ಯಂತ್ರದ ಹಿಂದೆ ಸಂದಿಯಲ್ಲಿ ತೂರಿ, ಹಸಿರು ದೀಪ ಇದೆಯೆಂದು ಯಾರೂ ತೆಗೆದು ನೋಡದೇ ಬಿಟ್ಟಿದ್ದ ಮುಚ್ಚಳ ತೆಗೆದರು. ನಾನು ಅವರ ಹೆಗಲ ಮೇಲಿಂದ ಇಣುಕಿದೆ. ಗೇಣುದ್ದದ ಎರಡು ವೈರು. ಎರಡಕ್ಕೂ ಖಣದ ತುಂಡು, ಕೀಲಿಯಲ್ಲಿದ್ದವುಗಳದೇ ಬಣ್ಣ, ಅದೇ ಅಂಚು. ಅಯ್ಯೋ ದೇವರೇ, ಇವರೇ!

"ಸಿಕ್ತು!"

ಆಣೆ ಮಾಡಿ ಹೇಳುತ್ತೇನೆ, ಬದಾಮಿಯಲ್ಲಿ ಮಂಗ ಒಡೆದ ಗಾಜು ಸಿಕ್ಕಾಗ ಕಿರುಚಿದ್ದರಲ್ಲ, ಅದೇ ಕಿರುಚು. ಎಳ್ಳಷ್ಟೂ ಕಡಿಮೆ ಇರಲಿಲ್ಲ. "ಸಿಕ್ತೋ ತಮ್ಮಾ ಸಿಕ್ತು! ಸರ್, ಬರ್ರಿ ಇಲ್ಲೆ, ಕಳ್ಳ ಸಿಕ್ಕ. ನಾನಾ ರೀ! ನಾನಾ ಮರತು ಹೋಗೇನಿ!" ಕನ್ನಡಕದ ಹಿಂದೆ ಕಣ್ಣು ಫಳಫಳ. ತಪ್ಪು ತನ್ನದು ಅನ್ನುವುದು ಆ ಹೆಂಗಸಿಗೆ ಇನ್ನೂ ತಟ್ಟಿಯೇ ಇಲ್ಲವೇನೋ ಅನಿಸಿತು ನನಗೆ. ತಟ್ಟಿತ್ತು. ಕೈಯಲ್ಲಿದ್ದ ಮುಚ್ಚಳ ಕೆಳಗಿಡುವುದನ್ನೇ ಮರೆತಿದ್ದರು. ಆದರೆ ಸಿಕ್ಕ ಖುಷಿ ಅದಕ್ಕಿಂತ ದೊಡ್ಡದಾಗಿತ್ತು.

ಎರಡೂ ವೈರು ಕಿತ್ತರು. "ಈರಪ್ಪಾ, ಮೇನ್ ಸ್ವಿಚ್ ತಗಿ." ಅವನು ಹೆದರಿ ಸಾಹೇಬರ ಮುಖ ನೋಡಿದ. "ತಗಿಯೋ! ನಾ ಅದೇನಿ." ತೆಗೆದ. ಮೇನ್ ಕಾರ್ಡು ತೂಕಡಿಸಿತು, ಸ್ಟ್ಯಾಂಡ್‌ಬೈ ಎತ್ತಿಕೊಂಡಿತು. ಮೇಡಂ ಫೋನ್ ಎತ್ತಿ ಇಳಕಲ್ಲಿನ ಆ ಸೀರೆ ವ್ಯಾಪಾರಿಯ ಅಂಗಡಿಗೇ ಹಚ್ಚಿದರು.

"ಹಲೋ, ಯಾರ್ರಿ?" ಅತ್ತಲಿಂದ ಗಟ್ಟಿ ದನಿ.

"ನಾವು ಫೋನಿನವರು. ಈಗ ಯಾರ ದನಿ ಕೇಳಾಕತ್ತೈತ್ರಿ ನಿಮಗ?"

"ಇದೇನ್ ಕೇಳ್ತೀರಿ, ನಿಮ್ದಾ!"

ನಾನು ಕುಣಿದುಬಿಟ್ಟೆ. ಈರಪ್ಪ ಗೋಡೆಗೆ ಒರಗಿ ಕೂತುಬಿಟ್ಟ.

ಸಾಹೇಬರು ಕೆಟ್ಟವರಲ್ಲ. ಮೇಡಮ್ಮನವರನ್ನು ಪಕ್ಕಕ್ಕೆ ಕರೆದು, ನನಗೂ ಕೇಳುವಂತೆಯೇ, "ಮೇಡಂ, ಇದು ಇಲ್ಲಿಗೇ ಇರಲಿ. ಈರಪ್ಪನನ್ನು ತೆಗೆಯುವುದಿಲ್ಲ. ಹಳೆ ಕಾರ್ಡಿನ ದೋಷ ಅಂತ ಬರೆದುಬಿಡೋಣ. ನಿಮ್ಮ ಬಡ್ತಿ ಬೇರೆ ಹತ್ತಿರ ಇದೆ," ಎಂದರು.

ಶಾಂತಮೂರ್ತಿಗೆ ಆಗ ಬಂತು ನೋಡಿ ಸಿಟ್ಟು! "ಏನ್ ಮಾತು ಸರ್ ಇದು? ಕಾರ್ಡಿಂದು ಅಂತ ಬರದ್ರ, ನಾಳೆ ಮತ್ತ ಹಿಂಗಾ ಆದಾಗ ಮುಂದಿನಾಂವ ಕಾರ್ಡಿನಾಗ ಹುಡುಕ್ತಾನ. ಇಲ್ಲಾ ಇನ್ನೊಬ್ಬ ಈರಪ್ಪನ್ನ ಹುಡುಕ್ತಾನ. ಫಾಲ್ಟ್ ಎಲ್ಲಿತ್ತೋ ಅಲ್ಲೇ ಐತಿ ಅಂತ ಹೇಳ್ಬೇಕ್ರಿ. ಇಲ್ಲಂದ್ರ ನಾವು ಹುಡುಕಿದ್ದಾದ್ರೂ ಯಾಕ?"

ಹೋಗಿ ಸರ್ವೀಸ್ ಫೋನ್ ಎತ್ತಿದರು. ಮರೆತವರ ಹೆಸರನ್ನು ಯಾವಾಗಲೂ ಸಾರುತ್ತಿದ್ದ ಅದೇ ದನಿ. "ಬಾಗಲಕೋಟಿ, ಗುಳೇದಗುಡ್ಡ, ಬದಾಮಿ, ಇಳಕಲ್, ಎಲ್ಲಾರೂ ಕೇಳ್ರಿ. ಹುನಗುಂದದ ಸ್ಟ್ಯಾಂಡ್‌ಬೈ ಮ್ಯಾಲೆ ಎರಡು ಲೂಪ್ ಸಿಕ್ಕಾವು. ಹಾಕಿದಾಕಿ ನಾನು, ಮರತಾಕಿ ನಾನು. ಈರಪ್ಪಂದು ಏನೂ ತಪ್ಪಿಲ್ಲ."

ಬದಾಮಿಯವನ ದನಿ ಮೆಲ್ಲಗೆ ಬಂತು: "ಮೇಡಂ, ಹಂಗಾರ ಗಿರ್ಮಿಟ್ ಯಾವಾಗ್ರಿ?"

ಮೇಡಂ ನಕ್ಕರು. ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. ಅವರಿಗೊಂದು ಮೆಮೊ ಬಂತು, ಬಡ್ತಿ ಮುಂದಕ್ಕೆ ಹೋಯಿತು. ಗಿರ್ಮಿಟ್ ಮಾತ್ರ ಅದೇ ವಾರ ಎಲ್ಲ ಊರಿಗೂ ಹೋಯಿತು. ಈರಪ್ಪನ ಮಗಳಿಗೆ ಹೆಣ್ಣು ಕೂಸು ಹುಟ್ಟಿತು. ಕೀಲಿಯಲ್ಲಿದ್ದ ಖಣ ತೆಗೆಯಲು ಅವನು ಹೋದಾಗ ಮೇಡಂ ಬೇಡವೆಂದರು. "ಇರಲಿ ಬಿಡು. ಬಂದಾಗೊಮ್ಮೆ ನಾ ನೋಡ್ತೇನಿ."

ಈಗ ಬೀಳ್ಕೊಡುಗೆ ಸಭೆಗೆ ಬನ್ನಿ. ಸಾಹೇಬರು "ಒಂದೇ ಒಂದು ತಪ್ಪನ್ನೂ ಮಾಡದ..." ಎಂದರಲ್ಲ, ವಾಕ್ಯ ಮುಗಿಯಲಿಲ್ಲ. ವೇದಿಕೆಯ ಮೇಲೆ ಹಾರ ಹಾಕಿಕೊಂಡು ಕೂತಿದ್ದ ಮೇಡಂ ಎದ್ದು ಬಂದರು.

"ಸರ್, ಸಿಟ್ಟಾಗಬ್ಯಾಡ್ರಿ, ನಡುವ ಬಾಯಿ ಹಾಕ್ತೇನಿ. ಅದು ತಪ್ಪು ಬರದೀರಿ. ಒಂದು ಐತಿ. ಈರಪ್ಪಾ, ಎಲ್ಲಿ ಕುಂತಿಯೋ? ಕೀಲಿ ತೋರ್ಸು."

ಹಿಂದಿನ ಸಾಲಿನಲ್ಲಿ ಈರಪ್ಪ ಎದ್ದು ನಿಂತ. ಹುನಗುಂದದ ಸ್ಟೇಷನ್ನಿನ ಕೆಲಸದಲ್ಲಿ ಇನ್ನೂ ಅವನೇ ಇದ್ದಾನೆ. ಅಂಗಿಯ ಜೇಬಿನಿಂದ ಕೀಲಿಕೈ ತೆಗೆದು ತಲೆಯ ಮೇಲೆ ಎತ್ತಿ ಹಿಡಿದ. ಖಣದ ತುಂಡುಗಳ ಬಣ್ಣ ಮಾಸಿತ್ತು, ಗಂಟು ಹಾಗೇ ಇತ್ತು. ನಾನು ತಡೆಯಲಾರದೆ, ಇಡೀ ಸಭೆ ತಿರುಗಿ ನೋಡುವ ಹಾಗೆ, "ಸಿಕ್ತು!" ಎಂದು ಕೂಗಿಬಿಟ್ಟೆ.

ಮೇಡಂ ಮೈಕನ್ನು ಹತ್ತಿರ ಎಳೆದುಕೊಂಡರು. ಭಾಷಣ ಮಾಡುತ್ತಾರೆ ಅಂದುಕೊಂಡೆವು. ಬದಾಮಿಯವನ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದರು.

"ಎಲ್ಲಾರೂ ಲೂಪ್ ತಗದೀರೇನು?"

"ತಗದೇವ್ರಿ!" ಎಂದೆವು, ಒಟ್ಟಿಗೆ.

"ಹಂಗಾರ ಮನಿಗೆ ಹೋಗ್ರಿ," ಎಂದು ಹಾರ ತೆಗೆದಿಟ್ಟು, ಎಲ್ಲರಿಗಿಂತ ಮೊದಲು ತಾವೇ ವೇದಿಕೆ ಇಳಿದು ಹೊರಟರು.